ಪುರಾವೆ ಕೇಳುವವರ ಎದುರು ಒಂದು ಪ್ರೇಮದ ನಾಟಕ

೧

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ಒಂದು ತಮಾಷೆಯ ಪ್ರೇಮ ಕಾದಂಬರಿಯನ್ನು ಆರಿಸಿಕೊಂಡಿದ್ದೇನೆ ಎಂದಾಗ ಸಂಘಟನೆಯ ಗೆಳೆಯರೊಬ್ಬರು, 'ಅಲ್ಲಯ್ಯಾ, ಉರಿಯೋ ವಿಷಯ ನೂರೆಂಟು ಇದ್ದಾವೆ, ನಿಂಗೆ ಐರ್ಲೆಂಡಿನ ಹುಡುಗೀರ ಲವ್ ಸ್ಟೋರಿ ಬೇಕಾಯ್ತಾ?' ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವ ಪ್ರಯತ್ನವಾಗಿಯೇ ಈ ಲೇಖನವನ್ನು ಓದಬೇಕು. ನನ್ನ ವಾದ ಸರಳವಾದದ್ದು. ಯಾರ ಮಾತಿಗೆ ಪುರಾವೆ ಬೇಕು, ಯಾರ ಮಾತು ಪುರಾವೆಯಿಲ್ಲದೆಯೇ ನಿಜವೆನಿಸಿಕೊಳ್ಳುತ್ತದೆ ಎಂಬುದರಲ್ಲಿ ಯಜಮಾನಿಕೆಯ ಗುಟ್ಟು ಅಡಗಿದೆ. ಈ ಗುಟ್ಟನ್ನು ಆಕ್ರೋಶದ ಕೃತಿಗಳಷ್ಟೇ ಚೆನ್ನಾಗಿ ನಗೆಯ ಕೃತಿಯೂ ಬಯಲು ಮಾಡಬಲ್ಲದು. ಜೊತೆಗೆ, ನಗೆ ಯಾವ ನೆಲದಲ್ಲಿ ಬೆಳೆಯುತ್ತದೆ, ಯಾವ ನೆಲದಲ್ಲಿ ಅದನ್ನು ಕೊಚ್ಚಿ ಹಾಕುತ್ತಾರೆ ಎಂದು ಕೇಳುವುದು ದಲಿತ ವಿಮರ್ಶೆಗೆ ಹೊರಗಿನ ಕೆಲಸವಲ್ಲ.

ಕಾದಂಬರಿಯ ಹೆಸರು 'ಹನಿ ಆ್ಯಂಡ್ ಇಶೂಸ್ ಗೈಡ್ ಟು ಫೇಕ್ ಡೇಟಿಂಗ್'. ಹನಿ ಮತ್ತು ಇಶು ಎಂಬ ಇಬ್ಬರು ಹುಡುಗಿಯರು ಸುಳ್ಳು ಪ್ರೇಮ ನಡೆಸಲು ಮಾಡಿಕೊಂಡ ಕೈಪಿಡಿ ಅಂತ ಕನ್ನಡದಲ್ಲಿ ಹೇಳಬಹುದು. ಬರೆದವರು ಆದಿಬಾ ಜೈಗಿರ್ದಾರ್. ಢಾಕಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಐರ್ಲೆಂಡಿಗೆ ಹೋಗಿ ನೆಲೆಸಿದವರು. ೨೦೨೦ರಲ್ಲಿ ಅವರ 'ದ ಹೆನ್ನಾ ವಾರ್ಸ್' ಬಂತು, ೨೦೨೧ರಲ್ಲಿ ಇದು. ಎರಡೂ ಹದಿಹರೆಯದವರಿಗೆಂದು ಇಂಗ್ಲಿಷಿನಲ್ಲಿ ಬರೆದವು. ಎರಡರಲ್ಲೂ ಹೆಣ್ಣು ಹೆಣ್ಣನ್ನು ಒಲಿಯುತ್ತಾಳೆ.

ಇಂಗ್ಲಿಷ್ ಜನಪ್ರಿಯ ಸಾಹಿತ್ಯದಲ್ಲಿ ಸುಳ್ಳು ಪ್ರೇಮದ ಕತೆಗಳದ್ದೇ ಒಂದು ಸಾಲು ಇದೆ. ಇಬ್ಬರು ಏನೋ ಅನುಕೂಲಕ್ಕೆಂದು ಪ್ರೇಮಿಗಳಂತೆ ನಟಿಸುತ್ತಾರೆ; ನಟಿಸುತ್ತ ನಟಿಸುತ್ತ ನಿಜವಾಗಿಯೇ ಒಲಿದುಬಿಡುತ್ತಾರೆ. ಕೊನೆ ಏನೆಂಬುದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತು. ಹಾಗಾಗಿ ಇಂಥ ಕತೆಯ ಹೂರಣವನ್ನು ಸುಳ್ಳು ಏಕೆ ಬೇಕಾಯಿತು ಎನ್ನುವ ಕಡೆ ಹುಡುಕಬೇಕು. ಅಲೆಕ್ಸಿಸ್ ಹಾಲ್ ಬರೆದ 'ಬಾಯ್‌ಫ್ರೆಂಡ್ ಮೆಟೀರಿಯಲ್' (೨೦೨೦) ಇದೇ ಸಾಲಿನ ಕಾದಂಬರಿ, ಲಂಡನ್ನಿನ ಇಬ್ಬರು ಗಂಡಸರ ಕತೆ. ಅಲ್ಲಿ ಹೆಸರಾಂತ ರಾಕ್ ಗಾಯಕನ ಮಗ ಲೂಕ್‌ನ ಚಿತ್ರವೊಂದು ಪತ್ರಿಕೆಯಲ್ಲಿ ಕೆಟ್ಟದಾಗಿ ಬಂದು, ಅವನು ಕೆಲಸ ಮಾಡುವ ಸಂಸ್ಥೆಗೆ ಹಣ ಕೊಡುವ ದೊಡ್ಡವರು ಹಿಂಜರಿಯುತ್ತಾರೆ. ಅವನಿಗೆ ಒಬ್ಬ ಮರ್ಯಾದಸ್ಥ ಗೆಳೆಯ ಬೇಕಾಗುತ್ತಾನೆ. ಒಬ್ಬ ವಕೀಲ ಸಿಗುತ್ತಾನೆ. ಅಲ್ಲಿನ ಸುಳ್ಳು ಮರ್ಯಾದೆಗಾಗಿ. ಜೈಗಿರ್ದಾರರ ಹುಡುಗಿಯರ ಸುಳ್ಳು ಇನ್ನೂ ಕೆಳಗಿನ ಮೆಟ್ಟಿಲಿನದು. ಅದು ನಂಬಿಕೆಗಾಗಿ: ನಾನು ಇದ್ದೇನೆ ಎಂದರೆ ಇದ್ದೇನೆ ಎಂದು ನಂಬಿಸುವುದಕ್ಕಾಗಿ.

೨

ಡಬ್ಲಿನ್ ನಗರದ ಒಂದು ಹೆಣ್ಣುಮಕ್ಕಳ ಶಾಲೆ. ಹುಮೈರಾ ಖಾನ್ ಬಾಂಗ್ಲಾದೇಶಿ ಮುಸ್ಲಿಂ ಮನೆಯ ಹುಡುಗಿ. ಮನೆಯವರಿಗೆ ಅವಳು ಹನಿ, ಶಾಲೆಯ ಬಿಳಿಯ ಗೆಳತಿಯರಿಗೆ ಮೈರಾ. ಒಂದೇ ಹೆಸರನ್ನು ಎರಡಾಗಿ ಸೀಳಿ, ಒಂದನ್ನು ಒಳಗೆ ಒಂದನ್ನು ಹೊರಗೆ ಬಳಸುವ ಕಷ್ಟ ಗೊತ್ತಿರುವವರಿಗೆ ಇಲ್ಲಿಂದಲೇ ಕತೆ ಹಿಡಿಯುತ್ತದೆ. ಹನಿ ಗಂಡನ್ನೂ ಹೆಣ್ಣನ್ನೂ ಪ್ರೀತಿಸಬಲ್ಲವಳು. ಇಂಗ್ಲಿಷಿನಲ್ಲಿ ಬೈಸೆಕ್ಶುಯಲ್ ಅಂತಾರೆ. ಅಪ್ಪ ಅಮ್ಮನಿಗೆ ಹೇಳಿದಾಳೆ, ಅವರು ಒಪ್ಪಿದ್ದಾರೆ. ಗೆಳತಿಯರಾದ ಆಶ್ಲಿಂಗ್ ಮತ್ತು ಡೀಗೆ ಹೇಳಿದಾಗ ಮಾತ್ರ ಅವರು ನಂಬುವುದಿಲ್ಲ. ನೀನು ಯಾವ ಹುಡುಗಿಯ ಜೊತೆಗೂ ಓಡಾಡಿಲ್ಲವಲ್ಲ, ನಿನಗೆ ಹೇಗೆ ಗೊತ್ತು ಎಂಬುದು ಅವರ ತಕರಾರು. ಉಸಿರು ಕಟ್ಟಿದಂತಾದ ಹನಿ, ನಾನೀಗ ಒಬ್ಬಳನ್ನು ಪ್ರೀತಿಸುತ್ತಿದ್ದೇನೆ ಎಂದುಬಿಡುತ್ತಾಳೆ. ಯಾರು ಎಂದರೆ ಬಾಯಿಗೆ ಬಂದ ಹೆಸರು ಇಶು.

ಇಶಿತಾ ಡೇ ಶಾಲೆಯಲ್ಲಿರುವ ಇನ್ನೊಬ್ಬಳು ಬಂಗಾಳಿ. ಭಾರತ ಮೂಲದ ಮನೆ. ಓದಿನಲ್ಲಿ ಮೊದಲಿಗಳು, ಗೆಳೆತನದಲ್ಲಿ ಕಡೆಯವಳು. ಯಾರಿಗೂ ಅವಳು ಬೇಡ, ಅವಳಿಗೂ ಯಾರೂ ಬೇಡ. ಅವಳ ಅಕ್ಕ ಓದನ್ನು ಬದಿಗಿಟ್ಟು ಮದುವೆಯಾಗುತ್ತೇನೆಂದು ಮನೆಗೆ ಬಂದು ನಿಂತಾಗ ಅಪ್ಪ ಅಮ್ಮನ ಆಸೆಯೆಲ್ಲ ಇಶುವಿನ ತಲೆಯ ಮೇಲೆ ಬೀಳುತ್ತದೆ. ಅವಳು ಶಾಲೆಯ ವಿದ್ಯಾರ್ಥಿನಾಯಕಿ ಆಗಬೇಕು. ಅದಕ್ಕೆ ಅಂಕ ಸಾಲದು, ಮಕ್ಕಳ ಮತ ಬೇಕು. ಎಲ್ಲರಿಗೂ ಬೇಕಾದ ಹನಿಯ ಜೊತೆ ಕಾಣಿಸಿಕೊಂಡರೆ ಮತ ಬೀಳುತ್ತವೆ. ಹೀಗೆ ಒಪ್ಪಂದವಾಗುತ್ತದೆ. ನಿನಗೆ ಪುರಾವೆ, ನನಗೆ ವೋಟು. ಇಬ್ಬರೂ ಕೂತು ನಿಯಮ ಬರೆಯುತ್ತಾರೆ, ಜೋಡಿಯಾಗಿ ಫೋಟೋ ತೆಗೆಸಿಕೊಂಡು ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆ. ಒಂದು ಅಧ್ಯಾಯ ಹನಿಯ ಬಾಯಲ್ಲಿ, ಒಂದು ಇಶುವಿನ ಬಾಯಲ್ಲಿ ಕತೆ ಸಾಗುತ್ತದೆ.

ಇದನ್ನು ಓದುತ್ತ ನನಗೆ ಹೊಳೆದದ್ದು ಇದು. ಹನಿ ಹೇಳಿದ ಮೊದಲ ಮಾತು ನಿಜ: ನಾನು ಇಂಥವಳು. ಆ ನಿಜಕ್ಕೆ ಬೆಲೆ ಸಿಗಲಿಲ್ಲ. ಎರಡನೆಯ ಮಾತು ಸುಳ್ಳು: ನನಗೆ ಒಬ್ಬಳಿದ್ದಾಳೆ. ಸುಳ್ಳಿಗೆ ಕೂಡಲೇ ಬೆಲೆ ಸಿಕ್ಕಿತು. ಯಜಮಾನಿಕೆಯ ಎದುರು ನಿಂತವರು ಸುಳ್ಳುಗಾರರಾಗುವುದು ಹೀಗೆ. ಅವರ ಗುಣದಲ್ಲಿ ದೋಷವಿರುವುದಿಲ್ಲ, ಕೇಳುವವರ ಕಿವಿಯಲ್ಲಿರುತ್ತದೆ. ಗಂಡನ್ನು ಪ್ರೀತಿಸುವ ಆಶ್ಲಿಂಗಳಿಗೆ ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ. ಅವಳ ಒಲವು ಗಾಳಿಯ ಹಾಗೆ, ಇದೆ ಎಂದರೆ ಇದೆ.

ಹೆಣ್ಣನ್ನು ಪುರಾವೆಯ ಕಟಕಟೆಯಲ್ಲಿ ನಿಲ್ಲಿಸುವ ಕತೆ ನಮಗೆ ಹೊಸದಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ'ದ ರಾಣಿ ಪಂಚರ ಎದುರು ಹುತ್ತಕ್ಕೆ ಕೈಹಾಕಿ ನಾಗರನನ್ನು ಹಿಡಿದು ಆಣೆ ಮಾಡುತ್ತಾಳೆ. ಅವಳು ಆಡುವ ಮಾತು ಅಕ್ಷರಕ್ಷರ ಸತ್ಯ, ಪಂಚರಿಗೆ ಆ ಸತ್ಯದ ಅರ್ಥ ಮಾತ್ರ ಆಗುವುದಿಲ್ಲ. ಗಂಡನ ವೇಷದಲ್ಲಿ ಬಂದ ಸುಳ್ಳುಗಂಡನೇ ಅವಳಿಗೆ ಒಲವು ಕಲಿಸಿದವನು. ಜನಪದ ಕತೆಯಿಂದ ಬಂದ ಈ ನಾಟಕಕ್ಕೂ ಡಬ್ಲಿನ್ನಿನ ಶಾಲೆಗೂ ನಡುವೆ ಏಳು ಸಮುದ್ರ ಇವೆ. ಆದರೂ ಪಂಚರ ಸಾಲು ಎರಡೂ ಕಡೆ ಒಂದೇ ಥರ ಕೂತಿದೆ.

೩

ಪುರಾವೆ ಎಂಬ ಮಾತು ದಲಿತನ ಕಿವಿಗೆ ಬಿದ್ದರೆ ಬೇರೆ ಸದ್ದಾಗುತ್ತದೆ. ಹಾಸ್ಟೆಲ್ಲಿಗೆ, ಸ್ಕಾಲರ್‌ಶಿಪ್ಪಿಗೆ, ಸೀಟಿಗೆ, ನೌಕರಿಗೆ ತಹಸೀಲ್ದಾರರ ಸಹಿಯಿರುವ ಕಾಗದ ಬೇಕು. ಅಲ್ಲಿ ನಾವು ದಲಿತರೆಂದು ಸಾಬೀತು ಮಾಡಬೇಕು. ಬಾಡಿಗೆ ಮನೆಯ ಬಾಗಿಲಲ್ಲಿ ದಲಿತರಲ್ಲವೆಂದು ಸಾಬೀತು ಮಾಡಬೇಕು. ಬೆಂಗಳೂರಿನಲ್ಲಿ ನಾನು ಮನೆ ಹುಡುಕುವಾಗ ಮನೆಯೊಡತಿಯೊಬ್ಬರು ಮೊದಲು ಊರು ಕೇಳಿದರು, ಆಮೇಲೆ ಊರಲ್ಲಿ ಯಾವ ಬೀದಿ, ಆಮೇಲೆ ತಂದೆಯ ಹೆಸರು, ಕಡೆಗೆ ಮನೆದೇವರು. ಜಾತಿ ಎಂಬ ಪದ ಅವರ ಬಾಯಿಂದ ಬರಲೇ ಇಲ್ಲ, ಮನೆಯೂ ಸಿಗಲಿಲ್ಲ. ಒಂದೇ ದೇಹ ಬೆಳಿಗ್ಗೆ ಕಚೇರಿಯಲ್ಲಿ ಪುರಾವೆ ತೋರಿಸಿ, ಸಂಜೆ ಬೀದಿಯಲ್ಲಿ ಪುರಾವೆ ಮುಚ್ಚಿಡಬೇಕಾದ ಈ ನಾಟಕಕ್ಕೆ ಯಾವ ರಂಗಭೂಮಿ ಹೆಸರಿಟ್ಟಿದೆ? ಅರವಿಂದ ಮಾಲಗತ್ತಿಯವರು ೧೯೯೪ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ನಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟಾಗ ಈ ನಾಟಕದ ವ್ಯಂಗ್ಯವೆಲ್ಲ ಎರಡು ಪದದಲ್ಲಿ ಬಂದುಬಿಟ್ಟಿತ್ತು.

ಪುರಾವೆ ಕೇಳುವವರಿಗೆ ಸಾವೂ ಸಾಲದು. ರೋಹಿತ್ ವೇಮುಲ ತೀರಿಕೊಂಡದ್ದು ೨೦೧೬ರ ಜನವರಿ ೧೭ರಂದು. ೨೦೨೪ರ ಮೇ ತಿಂಗಳಲ್ಲಿ ಹೊರಬಂದ ಪೊಲೀಸರ ಮುಕ್ತಾಯ ವರದಿ ಆತ ಪರಿಶಿಷ್ಟ ಜಾತಿಯವನೇ ಅಲ್ಲವೆಂದು ಬರೆಯಿತು. ಪ್ರತಿಭಟನೆಯಾದ ಮೇಲೆ ಮತ್ತೆ ತನಿಖೆ ಮಾಡುತ್ತೇವೆಂದರು. ಹುಡುಗ ಹೋಗಿ ಎಂಟು ವರ್ಷವಾದರೂ ಅವನ ಕಾಗದ ಸರಿಯಿದೆಯೇ ಎಂಬ ವಿಚಾರಣೆ ನಿಂತಿರಲಿಲ್ಲ. ಅದೇ ರೋಹಿತನ ಸಾವಿನ ಬೆನ್ನಿಗೆ ಯಶಿಕಾ ದತ್ ಎಂಬ ಪತ್ರಕರ್ತೆ, ತಾನು ಅಷ್ಟು ವರ್ಷ ಜಾತಿ ಮುಚ್ಚಿಟ್ಟು ಬದುಕಿದ್ದನ್ನು ಲೋಕದ ಮುಂದೆ ಹೇಳಿದರು. ೨೦೧೯ರಲ್ಲಿ ಬಂದ ಅವರ ಪುಸ್ತಕದ ಹೆಸರು 'ಕಮಿಂಗ್ ಔಟ್ ಆ್ಯಸ್ ದಲಿತ್'. 'ಕಮಿಂಗ್ ಔಟ್' ಎಂಬುದು ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ಮಾತು. ಬಚ್ಚಿಟ್ಟುಕೊಂಡವರು ಹೊರಗೆ ಬರುವುದು. ಆ ಮಾತನ್ನು ದಲಿತ ಹೆಣ್ಣುಮಗಳೊಬ್ಬಳು ಎರವಲು ಪಡೆದಳು ಎಂದರೆ ಎರಡು ನೋವುಗಳು ಒಂದೇ ಎಂದಲ್ಲ. ಎರಡೂ ಒಂದೇ ಬಗೆಯ ಬಾಗಿಲಿನ ಹಿಂದೆ ನಿಂತಿವೆ ಎಂದಷ್ಟೇ.

ಆ ಬಾಗಿಲಿಗೆ ಸರ್ಕಾರವೂ ಕಾವಲು ಕೂತಿದೆ. ೨೦೧೪ರಲ್ಲಿ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ, ತಾನು ಗಂಡೋ ಹೆಣ್ಣೋ ಬೇರೆಯೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಎಂದಿತು. ೨೦೧೯ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಆ ಹಕ್ಕಿನ ಮುಂದೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ತಂದಿಟ್ಟಿತು. ಹನಿಯ ಗೆಳತಿಯರು ಕೇಳಿದ ಪ್ರಶ್ನೆಯನ್ನೇ ಸರ್ಕಾರ ಮೊಹರು ಹಾಕಿ ಕೇಳಿತು, ಅಷ್ಟೆ.

೪

ಕಾದಂಬರಿಯಲ್ಲಿ ದಲಿತ ಓದುಗ ಎದ್ದು ಕೂರುವ ಜಾಗ ಇನ್ನೊಂದಿದೆ. ಪರೀಕ್ಷೆಯಲ್ಲಿ ಇಶುವಿನ ಉತ್ತರ ನೋಡಿ ಬರೆದವಳು ಆಶ್ಲಿಂಗ್. ನಕಲು ಮಾಡಿದಳೆಂಬ ಆರೋಪ ಬರುವುದು ಇಶುವಿನ ಮೇಲೆ. ಶಾಲೆಯ ದೃಷ್ಟಿಯಲ್ಲಿ ಯಾರು ನಂಬಿಕೆಗೆ ಅರ್ಹರು ಎಂಬುದು ಮೊದಲೇ ತೀರ್ಮಾನವಾಗಿದೆ. ಮೊದಲಿಗಳಾಗುವುದಕ್ಕೆ ಅವಳು ಸುರಿಸಿದ ಬೆವರು ಒಂದು ದೂರಿನ ಮುಂದೆ ಆವಿಯಾಗುತ್ತದೆ. ಮೆರಿಟ್ ಅಂದರೇನು ಎಂಬ ಬಗ್ಗೆ ನಮ್ಮಲ್ಲಿ ಮಂಡಲ್ ಕಾಲದಿಂದ ಎಷ್ಟು ಶಾಯಿ ಖರ್ಚಾಗಿದೆ! ಕಡಿಮೆ ಅಂಕ ಬಂದರೆ ಮೆರಿಟ್ ಇಲ್ಲ, ಜಾಸ್ತಿ ಬಂದರೆ ಎಲ್ಲಿಂದ ಬಂತು ಎಂಬ ಅನುಮಾನ. ಇಂಥ ಅನುಮಾನದ ನೆರಳಲ್ಲಿ ಹಾಸ್ಟೆಲ್ಲಿನಿಂದ ಎದ್ದುಬಂದ ಯಾರಿಗಾದರೂ ಇಶುವಿನ ಸಿಡುಕು ಅರ್ಥವಾಗುತ್ತದೆ. ಅವಳು ಒರಟು ಹುಡುಗಿ ಎಂದು ದೂರುವ ಓದುಗರು ಇರಬಹುದು. ಒರಟುತನ ಅವಳ ಕೊಡೆ. ಮಳೆ ಬರುವ ಊರಲ್ಲಿ ಕೊಡೆ ಹಿಡಿದವಳನ್ನು ಅಹಂಕಾರಿ ಅನ್ನಲಾದೀತೆ?

ಇಲ್ಲಿಯೇ ಕಾದಂಬರಿಯ ಸುಳ್ಳು ತಿರುವು ಪಡೆಯುತ್ತದೆ. ಹನಿ ಇಷ್ಟು ದಿನ ಗೆಳತಿಯರ ಮುಂದೆ ತಾನು ಯಾರೆಂದು ಸಾಬೀತು ಮಾಡಲು ಹೆಣಗಿದವಳು. ಅವಳ ಊಟದ ಕಟ್ಟುಪಾಡು, ಅವಳು ಮದ್ಯ ಮುಟ್ಟದೇ ಇರುವುದು, ಎಲ್ಲವೂ ಗೆಳತಿಯರಿಗೆ ರಗಳೆಯಾಗಿ ಕಂಡಾಗ ನಕ್ಕು ಸುಮ್ಮನಾದವಳು. ಈಗ ಅವಳು ಯಾರನ್ನು ನಂಬಬೇಕು ಎಂಬ ಪ್ರಶ್ನೆ ಅವಳ ಎದುರಿಗೇ ಬಂದು ನಿಲ್ಲುತ್ತದೆ. ಪುರಾವೆ ಕೊಡುವ ಜಾಗದಿಂದ ಪುರಾವೆ ಕೇಳುವ ಜಾಗಕ್ಕೆ ಅವಳನ್ನು ಎಳೆಯಲಾಗುತ್ತದೆ. ಅಲ್ಲಿ ಅವಳು ತಡವರಿಸುತ್ತಾಳೆ, ಇಶುವನ್ನು ನೋಯಿಸುತ್ತಾಳೆ. ಕಡೆಗೆ ಹಳೆಯ ಗೆಳೆತನದ ದಾಕ್ಷಿಣ್ಯವನ್ನು ಹರಿದುಕೊಂಡು ಇಶುವಿನ ಪರ ನಿಲ್ಲುತ್ತಾಳೆ. ನನ್ನ ಓದಿನಲ್ಲಿ ಪ್ರೇಮ ನಿಜವಾಗುವುದು ಯಾವುದೇ ಮುತ್ತಿನಿಂದ ಅಲ್ಲ, ಈ ಕ್ಷಣದಿಂದ. ಒಬ್ಬರ ಮಾತನ್ನು ಸಾಕ್ಷಿಯಿಲ್ಲದೆ ನಂಬುವುದೇ ಒಲವು ಎಂಬ ಅರ್ಥವನ್ನು ಕಾದಂಬರಿ ಬೋಧನೆ ಮಾಡದೆ ಕಟ್ಟಿಕೊಡುತ್ತದೆ.

ಹೊಗಳಿಕೆ ಇಷ್ಟು ಸಾಕು. ಕೊರತೆಗಳೂ ಇವೆ. ಆಶ್ಲಿಂಗ್ ಮತ್ತು ಡೀ ಬಹುಪಾಲು ಕೇಡಿಗರಾಗಿಯೇ ಉಳಿಯುತ್ತಾರೆ. ಯಜಮಾನಿಕೆಯು ಒಳ್ಳೆಯವರ ಮೂಲಕವೂ ಕೆಲಸ ಮಾಡುತ್ತದೆ ಎಂಬ ಕಷ್ಟದ ಸತ್ಯವನ್ನು ಲೇಖಕಿ ಮುಟ್ಟುವುದು ಕಡಿಮೆ. ಇಬ್ಬರು ನಿರೂಪಕಿಯರಿದ್ದರೂ ದನಿಗಳು ಎಷ್ಟೋ ಕಡೆ ಒಂದೇ ಥರ ಕೇಳಿಸುತ್ತವೆ. ಬಿಕ್ಕಟ್ಟು ಗಟ್ಟಿಯಾಗುವ ಹೊತ್ತಿಗೆ ಪರಿಹಾರ ಬೇಗ ಬೇಗ ಬಂದುಬಿಡುತ್ತದೆ. ಎಳೆಯರಿಗೆ ಬರೆದದ್ದು ಎಂಬ ವಿನಾಯಿತಿಯನ್ನು ನಾನು ಕೊಡಲಾರೆ. ಎಳೆಯರು ನಮಗಿಂತ ಕಠಿಣ ಓದುಗರು.

೫

ಇನ್ನು ಕಾಣದೇ ಹೋದದ್ದರ ಮಾತು. ಹನಿ ಬಾಂಗ್ಲಾದೇಶಿ, ಇಶು ಭಾರತೀಯಳು. ಶಾಲೆಯ ಬಿಳಿ ಕಣ್ಣಿಗೆ ಇಬ್ಬರೂ ಒಂದೇ ಕಂದು ಬಣ್ಣ, ಒಂದೇ ಭಾಷೆ, ಹಾಗಾಗಿ ಗೆಳತಿಯರಾಗಿರಲೇಬೇಕು. ಹಾಗಲ್ಲ, ನಮ್ಮ ನಡುವೆ ಗಡಿಯಿದೆ, ಧರ್ಮವಿದೆ, ಮನೆಮನೆಯ ರೀತಿ ಬೇರೆ ಎಂದು ಕಾದಂಬರಿ ತೋರಿಸಲು ಹೊರಡುವುದು ಸರಿಯಾದ ಕೆಲಸ. ಆದರೆ ಆ ಪಟ್ಟಿಯಲ್ಲಿ ಜಾತಿ ಇಲ್ಲ. ಡೇ ಎಂಬ ಮನೆತನದ ಹೆಸರು ಬಂಗಾಳದಲ್ಲಿ ಹೆಚ್ಚಾಗಿ ಕಾಯಸ್ಥರಲ್ಲಿದೆ, ಬೇರೆ ಜಾತಿಗಳಲ್ಲೂ ಇದೆ. ಕಾದಂಬರಿಗೆ ಆ ಪ್ರಶ್ನೆ ಏಳುವುದಿಲ್ಲ. ಬಂಗಾಳದ ಭದ್ರಲೋಕ ಬಹುಕಾಲ ನಮ್ಮಲ್ಲಿ ಜಾತಿಯಿಲ್ಲ ಎಂದುಕೊಂಡೇ ಬಂದಿದೆ. ಆ ಮರೆವು ಡಬ್ಲಿನ್ನಿನವರೆಗೂ ಹಡಗು ಹತ್ತಿ ಹೋಗಿದೆ.

ಎರಡು ಬಂಗಾಳಗಳ ನಡುವಿನ ಒಲವಿನ ಕತೆಗೆ ಒಂದು ದಲಿತ ಪೂರ್ವಕತೆ ಇದೆ. ೧೯೪೬ರಲ್ಲಿ ಅಂಬೇಡ್ಕರರು ಸಂವಿಧಾನ ಸಭೆಗೆ ಆಯ್ಕೆಯಾಗಿ ಬಂದದ್ದು ಬಂಗಾಳದಿಂದ. ಅದಕ್ಕೆ ದುಡಿದವರು ಬಾರಿಸಾಲ್ ಕಡೆಯ ನಾಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್. ಮೇಲ್ಜಾತಿ ಹಿಂದೂಗಳಿಗಿಂತ ಬಡ ಮುಸ್ಲಿಮರ ಜೊತೆಗೆ ದಲಿತರ ಬಾಳು ಹೊಂದೀತು ಎಂದು ನಂಬಿದ ಅವರು ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ೧೯೫೦ರಲ್ಲಿ ನಂಬಿಕೆ ಒಡೆದು ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಮುಸ್ಲಿಂ ಹುಡುಗಿ ಮತ್ತು ಭಾರತೀಯ ಬಂಗಾಳಿ ಹುಡುಗಿ ಕೈ ಹಿಡಿದು ನಡೆಯುವ ಪುಟಗಳ ಕೆಳಗೆ ಈ ಮುರಿದ ಕೈಜೋಡಣೆಯ ನೆನಪೂ ಹರಿಯುತ್ತಿದೆ. ಇಶು ನಾಮಶೂದ್ರರ ಮನೆಯವಳಾಗಿದ್ದಿದ್ದರೆ? ಕತೆಯ ಒಂದು ವಾಕ್ಯವೂ ಹಾಳಾಗುತ್ತಿರಲಿಲ್ಲ. ಎಲ್ಲ ವಾಕ್ಯಗಳ ತೂಕ ಹೆಚ್ಚುತ್ತಿತ್ತು.

ಜಾತಿ ಸಮುದ್ರ ದಾಟುವುದಿಲ್ಲ ಎನ್ನುವವರಿಗೆ ಈಚಿನ ಚರಿತ್ರೆಯೇ ಉತ್ತರ. ೨೦೨೩ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಮಸೂದೆಯನ್ನು ಅಲ್ಲಿನ ಗವರ್ನರ್ ತಳ್ಳಿಹಾಕಿದರು. ಬ್ರಿಟನ್ನಿನ ಸರ್ಕಾರ ತನ್ನ ಸಮಾನತೆಯ ಕಾನೂನಿನಲ್ಲಿ ಜಾತಿಯನ್ನು ನೇರವಾಗಿ ಸೇರಿಸುವುದಿಲ್ಲವೆಂದು ೨೦೧೮ರಲ್ಲಿ ಹೇಳಿತು. ಎಲ್ಲ ಕಡೆ ವಾದ ಒಂದೇ: ಜಾತಿ ಇಲ್ಲಿದೆ ಎಂಬುದಕ್ಕೆ ಪುರಾವೆ ಏನು? ಹನಿಯ ಗೆಳತಿಯರ ಪ್ರಶ್ನೆ ಸುತ್ತಿಕೊಂಡು ಮತ್ತೆ ನಮ್ಮ ಬಾಗಿಲಿಗೇ ಬಂತು.

ಹಾಗಂತ, ಜಾತಿ ಇಲ್ಲ, ಆದ್ದರಿಂದ ಕೃತಿ ಬೇಡ ಎಂದು ರಿಜಿಸ್ಟರಿನಲ್ಲಿ ಗೀಟು ಹಾಕುವುದು ವಿಮರ್ಶೆಯಲ್ಲ. ಅದು ಹಾಜರಿ ತೆಗೆಯುವ ಕೆಲಸ. ಕೃತಿಗೆ ಗೊತ್ತಿಲ್ಲದ್ದನ್ನು ಕೃತಿ ಕೊಟ್ಟ ಬೆಳಕಿನಲ್ಲೇ ನೋಡಬೇಕು. ಪುರಾವೆಯ ಹಿಂಸೆಯನ್ನು ಇಷ್ಟು ಹಗುರಾಗಿ ಬಿಡಿಸಿ ತೋರಿಸಿದ ಕೃತಿಯಿಂದ ನಾವು ಪಡೆಯಬೇಕಾದದ್ದು ಇನ್ನೂ ಇದೆ.

೬

ಅದು ನಗೆಯ ಪ್ರಶ್ನೆ. ಸುಳ್ಳು ಪ್ರೇಮದ ಕತೆ ನಗೆಯಾಗಬೇಕಾದರೆ ಒಂದು ಷರತ್ತು ಇದೆ: ಸುಳ್ಳು ಬಯಲಾದಾಗ ಮುಖ ಕೆಂಪಾಗಬೇಕು, ನೆಲ ಕೆಂಪಾಗಬಾರದು. ಈ ಷರತ್ತನ್ನು ಕಾದಂಬರಿಕಾರ್ತಿ ಒಬ್ಬರೇ ಪೂರೈಸಲಾರರು. ಅವರು ನಿಂತ ನೆಲವೂ ಕೈಗೂಡಿಸಬೇಕು. ಐರ್ಲೆಂಡ್ ಗಂಡು ಗಂಡನ್ನು ಕೂಡುವುದು ಅಪರಾಧವೆಂಬ ಕಾನೂನನ್ನು ತೆಗೆದದ್ದು ೧೯೯೩ರಲ್ಲಿ. ೨೦೧೫ರ ಮೇ ೨೨ರಂದು ಜನಮತಗಣನೆ ನಡೆಸಿ, ಶೇಕಡಾ ೬೨ರಷ್ಟು ಮತದಿಂದ ಸಲಿಂಗ ಮದುವೆಯನ್ನು ಸಂವಿಧಾನಕ್ಕೆ ಸೇರಿಸಿಕೊಂಡಿತು. ಆ ನೆಲ ತಾನಾಗಿ ಮೆದುವಾದದ್ದಲ್ಲ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ೨೦೧೨ರಲ್ಲಿ ಗಾಲ್ವೇಯಲ್ಲಿ ಗರ್ಭಪಾತ ನಿರಾಕರಿಸಲ್ಪಟ್ಟು ತೀರಿಕೊಂಡರು. ಅವರ ಫೋಟೋ ಹಿಡಿದು ಹೆಂಗಸರು ಬೀದಿಗಿಳಿದ ಮೇಲೆ, ೨೦೧೮ರ ಮೇ ತಿಂಗಳಲ್ಲಿ ಆ ನಿಷೇಧವೂ ಜನಮತದಿಂದ ಬಿತ್ತು. ಹನಿ ಮತ್ತು ಇಶು ನಗುತ್ತಿರುವ ನೆಲದಲ್ಲಿ ಒಬ್ಬ ಕನ್ನಡ ಹೆಣ್ಣುಮಗಳ ಸಾವೂ ಸೇರಿದೆ.

ಲೇಖಕಿ ಹುಟ್ಟಿದ ಢಾಕಾವನ್ನು ನೋಡಿ. ಬಾಂಗ್ಲಾದೇಶದಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆಂದೇ ೨೦೧೪ರಲ್ಲಿ 'ರೂಪಬಾನ್' ಎಂಬ ಪತ್ರಿಕೆ ಹೊರಟಿತು, ನಮ್ಮ ಈ ಪತ್ರಿಕೆಯಂತೆಯೇ ಒಂದು ಸಣ್ಣ ಪತ್ರಿಕೆ. ೨೦೧೬ರ ಏಪ್ರಿಲ್ ೨೫ರಂದು ಅದರ ಸಂಪಾದಕ ಝುಲ್ಹಾಜ್ ಮನ್ನಾನ್ ಅವರನ್ನು ಅವರ ಮನೆಯಲ್ಲೇ ಕೊಚ್ಚಿ ಕೊಂದರು. ಅದೇ ಭಾಷೆ, ಅದೇ ಒಲವು, ಬೇರೆ ನೆಲ.

ನಮ್ಮ ನೆಲಕ್ಕೆ ಬನ್ನಿ. ೨೦೧೮ರ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟು ೩೭೭ನೇ ಕಲಮಿನ ಹಲ್ಲು ಕಿತ್ತಿತು. ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. ಬೀದಿಯಲ್ಲಿ ಕಾಮನಬಿಲ್ಲಿನ ಬಾವುಟ ಹಾರಿದವು. ಅದಾದ ಎಂಟನೆಯ ದಿನ, ಸೆಪ್ಟೆಂಬರ್ ೧೪ರ ಹಾಡಹಗಲು, ತೆಲಂಗಾಣದ ಮಿರ್ಯಾಲಗುಡದಲ್ಲಿ ದಲಿತ ತರುಣನೊಬ್ಬನನ್ನು ಬಸುರಿ ಹೆಂಡತಿಯ ಕಣ್ಣೆದುರೇ ಕಡಿದರು. ಹುಡುಗಿ ಮೇಲ್ಜಾತಿಯವಳು. ಹುಡುಗನ ಹೆಸರು ಪ್ರಣಯ್. ಗಂಡುಹೆಣ್ಣಿನ ಪ್ರೇಮ ಎಂದೂ ಅಪರಾಧವಾಗಿರದ ದೇಶದಲ್ಲಿ, ಕಾನೂನು ಒಪ್ಪಿದ ಮದುವೆಗೆ ಈ ಶಿಕ್ಷೆ. ಎರಡು ದಿನಾಂಕಗಳ ನಡುವಿನ ಆ ಎಂಟು ದಿನದಲ್ಲಿ ಭಾರತದ ಪ್ರೇಮದ ಸಂವಿಧಾನವೆಲ್ಲ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ೨೦೨೩ರ ಅಕ್ಟೋಬರ್ ೧೭ರಂದು ಅದೇ ಕೋರ್ಟು ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಅವರು ಕೇಳಿದ್ದ ೧೯೫೪ರ ವಿಶೇಷ ವಿವಾಹ ಕಾಯ್ದೆಯಾದರೂ ಏನು? ಮೂವತ್ತು ದಿನದ ನೋಟೀಸು ಹಾಕಿ, ಅಡ್ಡಿಯಿರುವವರು ಬನ್ನಿ ಎಂದು ಕರೆಯುವ ಕಾಯ್ದೆ. ಜಾತಿ ಮೀರಿ ಓಡಿಬಂದ ಜೋಡಿಗೆ ಆ ನೋಟೀಸು ಬೋರ್ಡೇ ಅಟ್ಟಿಸಿಕೊಂಡು ಬರುವವರಿಗೆ ವಿಳಾಸ.

ಇದಕ್ಕೆಲ್ಲ ಬೇರು ಎಲ್ಲಿದೆ ಎಂದು ಅಂಬೇಡ್ಕರರು ೧೯೧೬ರಲ್ಲೇ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದ್ದರು. ಜಾತಿಯ ಮೂಲ ಲಕ್ಷಣ ಒಳಮದುವೆ. ಅದನ್ನು ಕಾಯಲು ಸತಿ, ವಿಧವೆಯ ಬೋಳುಬಾಳು, ಎಳೆಯ ಹುಡುಗಿಯ ಮದುವೆ. ಅಂದರೆ ಜಾತಿ ಎಂಬುದು ಮೊದಲಿಗೇ ಯಾರು ಯಾರನ್ನು ಒಲಿಯಬೇಕು ಎಂಬ ಕಟ್ಟಳೆ. ಹಾಗಿದ್ದಮೇಲೆ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಒಲಿಯುವುದು ಆ ಕಟ್ಟಳೆಯ ಹೊರಗೆ ನಿಲ್ಲಬೇಕಿತ್ತಲ್ಲವೆ? ನಿಲ್ಲುವುದಿಲ್ಲ. ೨೦೧೫ರಲ್ಲಿ ಮುಂಬೈ ಪತ್ರಿಕೆಯೊಂದರಲ್ಲಿ ತಾಯಿಯೊಬ್ಬರು ತಮ್ಮ ಮಗನಿಗೆ ಗಂಡು ಬೇಕೆಂದು ಜಾಹೀರಾತು ಕೊಟ್ಟರು. ದೇಶವೇ ಮೆಚ್ಚಿದ ಧೈರ್ಯ ಅದು. ಜಾತಿಯ ಅಡ್ಡಿಯಿಲ್ಲ ಎಂದು ಬರೆದು, ಅಯ್ಯರ್ ಆದರೆ ಒಳ್ಳೆಯದು ಎಂಬರ್ಥದ ಮಾತನ್ನೂ ಸೇರಿಸಿದ್ದರು. ಅದೇ ವರ್ಷ ದೆಹಲಿಯ ಪ್ರೈಡ್ ಮೆರವಣಿಗೆಯಲ್ಲಿ ಧ್ರುಬೋ ಜ್ಯೋತಿ, ಧೀರೇನ್ ಬೋರಿಸಾ, ಅಖಿಲ್ ಕಾಂಗ್ ಮೊದಲಾದ ದಲಿತ ಕ್ವಿಯರ್ ಗೆಳೆಯರು ತಮ್ಮ ಜಾತಿಯನ್ನು ಬಹಿರಂಗವಾಗಿ ಹೇಳಿ ನಿಂತರು. ಒಂದು ಗುಟ್ಟು ಹೇಳಲು ಇದ್ದ ವೇದಿಕೆಯಲ್ಲಿ ಎರಡು ಗುಟ್ಟು ಹೇಳಬೇಕಾಯಿತು.

೭

ಹಾಗಾದರೆ ನಮ್ಮ ನಗೆ ಎಲ್ಲಿ? ದೇವನೂರ ಮಹಾದೇವರ 'ಕುಸುಮಬಾಲೆ' (೧೯೮೪) ಓದಿದವರಿಗೆ ಗೊತ್ತು. ಮೇಲ್ಜಾತಿಯ ಕುಸುಮೆಯನ್ನು ಒಲಿದ ಚನ್ನನ ಗತಿ ಏನಾಯಿತೆಂದು. ಆ ಕೊಲೆಯ ಸುತ್ತಲೂ ಆ ಕೃತಿ ನಗೆಯನ್ನು ಬಿಟ್ಟುಕೊಡುವುದಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಹಸಿವನ್ನೂ ಅವಮಾನವನ್ನೂ ನಗುತ್ತ ಹೇಳಿ, ಆಕ್ರೋಶವನ್ನಷ್ಟೇ ಕಾಯುತ್ತಿದ್ದ ಓದುಗರನ್ನು ಕಕ್ಕಾಬಿಕ್ಕಿ ಮಾಡಿತು. ವಸುಧೇಂದ್ರರ 'ಮೋಹನಸ್ವಾಮಿ' ೨೦೧೩ರಲ್ಲಿ ಬಂದು ಗಂಡು ಗಂಡಿನ ಒಲವಿಗೆ ಕನ್ನಡದಲ್ಲಿ ಮನೆಮಾತು ಕೊಟ್ಟಿತು. ಎ. ರೇವತಿಯವರ ಬದುಕು ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಕನ್ನಡಕ್ಕೆ ಬಂದು ರಂಗದ ಮೇಲೂ ನಿಂತಿತು. ದಾರಿಗಳು ಇವೆ. ಅವು ಕೂಡುವ ಜಾಗದಲ್ಲಿ, ಕೇರಿಯ ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯ ಜೊತೆ ಸುಳ್ಳು ಪ್ರೇಮ ಹೂಡಿ, ಸಿಕ್ಕಿಬಿದ್ದು, ನಾಚಿ, ಜಗಳವಾಡಿ, ಕಡೆಗೆ ಬಸ್ ಸ್ಟಾಂಡಿನಲ್ಲಿ ನಿಜ ಹೇಳಿಕೊಳ್ಳುವ ಒಂದು ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ. ಯಾರೂ ಸಾಯದ ಕಾದಂಬರಿ.

ಅದು ಬಂದಾಗ ನಾವು ಏನು ಮಾಡುತ್ತೇವೆ ಎಂಬುದೇ ನನ್ನ ಕಡೆಯ ಆತಂಕ. ಇದರಲ್ಲಿ ನೋವೆಲ್ಲಿದೆ, ಹೋರಾಟ ಎಲ್ಲಿದೆ, ಇದು ದಲಿತ ಕೃತಿ ಹೌದೋ ಅಲ್ಲವೋ ಎಂದು ಕೇಳುವುದಕ್ಕೆ ನಮ್ಮ ನಾಲಿಗೆ ತುದಿಗಾಲಲ್ಲಿ ನಿಂತಿರುತ್ತದೆ. ಗಾಯ ತೋರಿಸಿದರೆ ಮಾತ್ರ ದಲಿತ ಸಾಹಿತ್ಯ ಎನ್ನುವುದಾದರೆ, ನಾವೂ ತಹಸೀಲ್ದಾರರ ಕುರ್ಚಿಯನ್ನೇ ಎಳೆದುಕೊಂಡು ಕೂತಂತಾಯಿತು. ಪ್ರಕಾಶಕರಿಗೂ ಮೇಲ್ಜಾತಿಯ ಓದುಗರಿಗೂ ನಮ್ಮ ಗಾಯ ಬೇಕು. ಅದು ಅವರಿಗೆ ಕಣ್ಣೀರಿನ ಪುಣ್ಯ ಕೊಡುತ್ತದೆ. ನಮ್ಮ ವಿಮರ್ಶೆಯೂ ಅದನ್ನೇ ಬೇಡಿದರೆ ಬರೆಯುವ ಹುಡುಗಿ ಎಲ್ಲಿಗೆ ಹೋಗಬೇಕು? ಅವಳು ಬರೆಯಲಿ. ನಾವು ಮೊದಲು ನಂಬೋಣ, ಆಮೇಲೆ ಬೇಕಾದಷ್ಟು ಜಗಳವಾಡೋಣ.